ಬಿದ್ದ ಮೇಲಿನ ಎರಡು ಸೆಕೆಂಡು: ಶೋರಿ ಹಮಾದಾ ಅವರ ಜೂಡೋ

ಎಲ್ಲರಿಗೂ ನಮಸ್ಕಾರ.

ಜೂಡೋ ಅಂದ ಕೂಡಲೇ ಎದುರಾಳಿಯನ್ನು ಎತ್ತಿ ಒಗೆಯುವ ದೃಶ್ಯ ಕಣ್ಣಿಗೆ ಬರುತ್ತದೆ. ಟಿವಿಯವರು ತಿರುಗಾ ಮುರುಗಾ ತೋರಿಸುವುದೂ ಅದನ್ನೇ. ಇವತ್ತು ನಾನು ಮಾತಾಡಬೇಕೆಂದಿರುವುದು ಕ್ಯಾಮೆರಾಗೆ ಅಷ್ಟಾಗಿ ಒಗ್ಗದ ಆಟಗಾರ್ತಿಯ ಬಗ್ಗೆ. ಹೆಸರು ಶೋರಿ ಹಮಾದಾ. ಜಪಾನಿನ ಕ್ಯೂಶು ದ್ವೀಪದ ದಕ್ಷಿಣ ತುದಿಯ ಕಾಗೋಶಿಮಾದವರು, 1990ರಲ್ಲಿ ಹುಟ್ಟಿದವರು, 78 ಕೆ.ಜಿ. ವಿಭಾಗ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕು ಪಂದ್ಯ ಆಡಿದರು, ನಾಲ್ಕನ್ನೂ ನೆಲದ ಮೇಲೆಯೇ, ಪಂದ್ಯವನ್ನು ಅಲ್ಲಿಗೇ ಮುಗಿಸುವ ಪೂರ್ಣ ಅಂಕವಾದ ಇಪ್ಪಾನ್‌ನಿಂದ ಗೆದ್ದರು.

ಇದು ಎಷ್ಟು ಕಷ್ಟ ಅನ್ನುವುದಕ್ಕೆ ನಿಯಮ ಸ್ವಲ್ಪ ಗೊತ್ತಿರಬೇಕು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಆಟ ಮುಗಿಯಿತು. ಜೂಡೋದಲ್ಲಿ ಎಸೆತ ಅರೆಬರೆಯಾದರೆ ಆಟ ನೆಲದ ಮೇಲೆ ಮುಂದುವರಿಯುತ್ತದೆ. ಇದೇ ನೆವಾಜಾ. ಆದರೆ ರೆಫರಿಗೆ ತಾಳ್ಮೆ ಕಡಿಮೆ. ಏನೂ ಸಾಗುತ್ತಿಲ್ಲ ಅನ್ನಿಸಿದರೆ ‘ಮಾತೆ’ (ಜಪಾನಿ ಭಾಷೆಯಲ್ಲಿ ‘ನಿಲ್ಲಿ’) ಅಂದು ಇಬ್ಬರನ್ನೂ ಎಬ್ಬಿಸಿಬಿಡುತ್ತಾರೆ. ಕೆಳಗಿದ್ದವರಿಗೆ ಅಷ್ಟೇ ಬೇಕು. ಬೋರಲಾಗಿ ಮುದುಡಿ, ಕುತ್ತಿಗೆ ಕೈ ಒಳಗೆಳೆದುಕೊಂಡು, ‘ಮಾತೆ’ಗಾಗಿ ಕಾಯುತ್ತಾರೆ. ಹಿಡಿತ ಬಿದ್ದರೂ ಇಪ್ಪಾನ್ ಸಿಗಲು 20 ಸೆಕೆಂಡು ಒತ್ತಿ ಹಿಡಿಯಬೇಕು. ಅಷ್ಟರಲ್ಲಿ ಕೆಳಗಿನವರು ಮೇಲಿನವರ ಒಂದು ಕಾಲನ್ನು ತಮ್ಮ ಕಾಲುಗಳ ನಡುವೆ ಸಿಕ್ಕಿಸಿಕೊಂಡರೆ ಸಾಕು, ಹಿಡಿತ ಹೋಯಿತು, ಎಣಿಕೆ ನಿಂತಿತು.

ಹಾಗಾಗಿ ನೆಲದಾಟದವರ ನಿಜವಾದ ಬಂಡವಾಳ ಬಲವಲ್ಲ, ಬಿದ್ದ ಮೇಲಿನ ಮೊದಲ ಒಂದೆರಡು ಸೆಕೆಂಡು ಅನ್ನುವುದು ನನ್ನ ವಾದ. ಹಮಾದಾ ಅದನ್ನು ಪೋಲು ಮಾಡುವುದಿಲ್ಲ. ಎದುರಾಳಿ ಮುದುಡಿಕೊಳ್ಳುವ ಮೊದಲೇ ಇವರ ತೂಕ ಅವರ ಮೇಲೆ ಬಂದಿರುತ್ತದೆ. ಜೂಜಿ-ಗತಾಮೆ ಅನ್ನುವ ತೋಳಿನ ಪಟ್ಟು ನೋಡಿ: ಎದುರಾಳಿಯ ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿ, ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು ಸೊಂಟ ಎತ್ತಿದರೆ ಮೊಣಕೈ ಉಲ್ಟಾ ಬಾಗತೊಡಗುತ್ತದೆ. ಆ ನೋವಿಗೆ ಹೆದರಿ ಹೊರಳಿದರೆ ಒತ್ತುಹಿಡಿತ ಕಾದಿರುತ್ತದೆ. ಎರಡರಲ್ಲಿ ಒಂದಕ್ಕೆ ಸಿಕ್ಕಿಬೀಳಲೇಬೇಕು.

ಈ ನೆಲದಾಟಕ್ಕೆ ಜಪಾನಿನಲ್ಲಿ ಹಳೆಯ ಬೇರಿದೆ. 1914ರಲ್ಲಿ ಕ್ಯೋಟೋ ಇಂಪೀರಿಯಲ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಶುರುವಾದ ಕೋಸೆನ್ (ಉನ್ನತ ಶಾಲೆ-ಕಾಲೇಜುಗಳ) ಪಂದ್ಯಾವಳಿಯ ಹುಡುಗರು ನೆಲ ಬಿಟ್ಟು ಏಳದಷ್ಟು ಪಳಗಿದರು. ಕೊನೆಗೆ ಜೂಡೋದ ಮೂಲ ಸಂಸ್ಥೆಯಾದ ಕೊಡೋಕಾನ್ ತಾನೇ ನೇರವಾಗಿ ನೆಲಕ್ಕೆಳೆಯುವುದಕ್ಕೆ ಕಡಿವಾಣ ಹಾಕಬೇಕಾಯಿತು. ಅದು ಬೇರೆಯೇ ಉಪನ್ಯಾಸದ ವಿಷಯ.

ಹಮಾದಾಗೆ ಯಶಸ್ಸು ತಡವಾಗಿ ಬಂತು. ರಷ್ಯಾ ಮೂಲದ ಕುಸ್ತಿಯಾದ ಸ್ಯಾಂಬೋದಲ್ಲಿ 2014ರಲ್ಲೇ ವಿಶ್ವ ಚಾಂಪಿಯನ್ ಆಗಿದ್ದರೂ 2016ರ ರಿಯೋಗೆ ಅವರ ತೂಕದಲ್ಲಿ ಹೋದವರು ಮಾಮಿ ಉಮೆಕಿ. ಜಪಾನಿನಲ್ಲಿ ತಂಡ ಸೇರುವುದೇ ಒಂದು ವಿಶ್ವ ಚಾಂಪಿಯನ್‌ಶಿಪ್ ಇದ್ದಂತೆ. ಒಂದು ತೂಕಕ್ಕೆ ಒಲಿಂಪಿಕ್ಸ್‌ನಲ್ಲಿ ಒಬ್ಬರಿಗಷ್ಟೇ ಜಾಗ. ಹಮಾದಾ 2018ರಲ್ಲಿ ಬಾಕುವಿನಲ್ಲಿ ಜೂಡೋ ವಿಶ್ವ ಪ್ರಶಸ್ತಿ ಗೆದ್ದಾಗ ವಯಸ್ಸು ಇಪ್ಪತ್ತೇಳು ದಾಟಿತ್ತು.

ಮರುವರ್ಷ ತವರಿನಲ್ಲಿ, ಟೋಕಿಯೋದ ನಿಪ್ಪಾನ್ ಬುಡೋಕಾನ್‌ನಲ್ಲಿ, ಫೈನಲ್ ಸೋತರು. ಗೆದ್ದವರು ಫ್ರಾನ್ಸಿನ ಮಡ್ಲೆನ್ ಮಲೊಂಗಾ. 2021ರ ಜುಲೈ 29ರಂದು ಅದೇ ಬುಡೋಕಾನ್, ಅದೇ ಮಲೊಂಗಾ, ಈ ಸಲ ಒಲಿಂಪಿಕ್ಸ್ ಫೈನಲ್. ಕೊರೊನಾ ಕಾರಣಕ್ಕೆ ಪ್ರೇಕ್ಷಕರಿರಲಿಲ್ಲ. ಸೆಮಿಫೈನಲ್‌ನಲ್ಲಿ ಆ ವರ್ಷದ ವಿಶ್ವ ಚಾಂಪಿಯನ್, ಜರ್ಮನಿಯ ಅನ್ನಾ-ಮರಿಯಾ ವಾಗ್ನರ್ ಅವರನ್ನು ಸೋಲಿಸಿ ಬಂದಿದ್ದರು. ಹಿಂದಿನ ದಿನವಷ್ಟೇ ಜಪಾನಿನ ಚಿಜುರು ಅರಾಯ್ ಅವರ ಸೆಮಿಫೈನಲ್ ಹದಿನಾರು ನಿಮಿಷ ಮೀರಿ ಎಳೆದಿತ್ತು. ಹಮಾದಾ ಅವರ ಫೈನಲ್‌ಗೆ ಹಿಡಿದದ್ದು ಒಂದು ನಿಮಿಷ, ಮೇಲೆ ಕೆಲವು ಸೆಕೆಂಡು. ಅದರಲ್ಲಿ 20 ಸೆಕೆಂಡು ಒತ್ತುಹಿಡಿತದ್ದೇ!

2024ರ ಪ್ಯಾರಿಸ್‌ಗೆ ಆ ತೂಕದಲ್ಲಿ ಹೋದವರು ರಿಕಾ ತಕಾಯಾಮಾ. 2025ರಿಂದ ನಿಯಮವೂ ನೆಲದಾಟದ ಕಡೆ ಕೊಂಚ ವಾಲಿದೆ: ಐದು ಸೆಕೆಂಡು ಒತ್ತಿ ಹಿಡಿದರೂ ಈಗ ಯೂಕೋ ಅನ್ನುವ ಸಣ್ಣ ಅಂಕ ಸಿಗುತ್ತದೆ. ಹಮಾದಾ ಪದಕ ಗೆದ್ದಾಗ ಹತ್ತು ಸೆಕೆಂಡಿಗಿಂತ ಕಡಿಮೆಯ ಹಿಡಿತಕ್ಕೆ ಬಿಡಿಗಾಸೂ ಇರಲಿಲ್ಲ.

ಈಗ ಆ ಫೈನಲ್‌ನ ವಿಡಿಯೋ ಹಾಕೋಣ. ಗಡಿಯಾರ ನೋಡಬೇಡಿ, ಇಬ್ಬರೂ ನೆಲಕ್ಕೆ ಬರುವ ಕ್ಷಣ ನೋಡಿ. ಮೊದಲ ಸಲ ಕಣ್ಣು ತಪ್ಪಿಹೋಗುತ್ತದೆ. ಎರಡನೇ ಸಲ ನಿಧಾನ ಮಾಡಿ ತೋರಿಸುತ್ತೇನೆ.