'ಆಮೇಲೆ' ಬೇಡ, ಈಗಲೇ ರೀಸ್ಟಾರ್ಟ್ ಮಾಡಿ

ಕೇಳುಗರಿಗೆ ನಮಸ್ಕಾರ.

ಅಪ್‌ಡೇಟ್ ಬಂದಿದೆ, ರೀಸ್ಟಾರ್ಟ್ ಮಾಡಿ ಅಂತ ಕಂಪ್ಯೂಟರ್ ಕೇಳುತ್ತದೆ. ಪಕ್ಕದಲ್ಲೇ 'ಆಮೇಲೆ ನೆನಪಿಸಿ' ಅನ್ನುವ ಬಟನ್. ನೀವು ಯಾವುದನ್ನು ಒತ್ತುತ್ತೀರಿ ಅಂತ ನನಗೆ ಗೊತ್ತು! ಇವತ್ತು ನಾನು ಹೇಳಬೇಕಾದ್ದು ಒಂದೇ. 'ಆಮೇಲೆ' ಬೇಡ. ಅಪ್‌ಡೇಟ್ ಹಾಕಿ, ರೀಸ್ಟಾರ್ಟ್ ಮಾಡಿ.

ಯಾಕೆ ಅಂತ ಹೇಳುತ್ತೇನೆ, ಕೇಳಿ. 2017ರ ಮಾರ್ಚ್ 14. ವಿಂಡೋಸ್‌ನ ಒಂದು ದೊಡ್ಡ ದೋಷಕ್ಕೆ ಮೈಕ್ರೋಸಾಫ್ಟ್ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್, ಕೊಟ್ಟಿತು. ಕಂಪ್ಯೂಟರ್‌ಗಳು ತಮ್ಮತಮ್ಮಲ್ಲಿ ಫೈಲು ಹಂಚಿಕೊಳ್ಳುವ ಎಸ್‌ಎಂಬಿ ಎಂಬ ಭಾಗದಲ್ಲಿ ಆ ದೋಷ ಇತ್ತು. ಏಪ್ರಿಲ್‌ನಲ್ಲಿ ಶ್ಯಾಡೋ ಬ್ರೋಕರ್ಸ್ ಅನ್ನುವ ಗುಂಪು, ಆ ದೋಷದ ಮೂಲಕ ಒಳನುಗ್ಗುವ ಸಾಧನವನ್ನೇ ಬಹಿರಂಗ ಮಾಡಿತು. ಆಗಲಾದರೂ ಎಲ್ಲರೂ ಪ್ಯಾಚ್ ಹಾಕಿದರಾ? ಎಲ್ಲಿ! ಎಷ್ಟೋ ಜನ 'ಆಮೇಲೆ' ಅಂದರು.

ಮೇ 12, ಶುಕ್ರವಾರ, ವನ್ನಾಕ್ರೈ ಬಂತು, ತಾನಾಗಿಯೇ ಹರಡಿ ಹಣ ಕೇಳುವ ದುಷ್ಟ ಪ್ರೋಗ್ರಾಂ. ಯಾರೂ ಮೇಲ್ ತೆರೆಯಬೇಕಿರಲಿಲ್ಲ, ಲಿಂಕ್ ಒತ್ತಬೇಕಿರಲಿಲ್ಲ. ಪ್ಯಾಚ್ ಇಲ್ಲದ ಕಂಪ್ಯೂಟರ್ ನೆಟ್‌ವರ್ಕ್‌ನಲ್ಲಿ ಸುಮ್ನೆ ಇದ್ದರೂ ಸಾಕಿತ್ತು. ಫೈಲುಗಳಿಗೆಲ್ಲ ಬೀಗ. ಕೆಂಪು ಕಿಟಕಿಯೊಂದರಲ್ಲಿ 300 ಡಾಲರ್ ಬೇಡಿಕೆ, ಅದೂ ಬಿಟ್‌ಕಾಯಿನ್‌ನಲ್ಲಿ. ಪಕ್ಕದಲ್ಲಿ ಗಡುವಿನ ಗಡಿಯಾರ ಇಳಿಯುತ್ತಿತ್ತು. ಇಂಗ್ಲೆಂಡಿನ ಕೆಲವು ಆಸ್ಪತ್ರೆಗಳು ಆಂಬುಲೆನ್ಸ್‌ಗಳನ್ನು ಬೇರೆ ಕಡೆ ಕಳಿಸಬೇಕಾಯಿತು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಜಾಸ್ತಿ ಕಂಪ್ಯೂಟರ್ ಸಿಕ್ಕಿಬಿದ್ದವು.

ಅದು ನಿಂತಿದ್ದು ಹೇಗೆ ಗೊತ್ತಾ? ಮಾರ್ಕಸ್ ಹಚಿನ್ಸ್ ಎಂಬ ಯುವಕ, ಈ ವನ್ನಾಕ್ರೈ ಒಂದು ವಿಚಿತ್ರ ವೆಬ್ ವಿಳಾಸವನ್ನು ಹುಡುಕುತ್ತಿರುವುದನ್ನು ಕಂಡ. ವಿಳಾಸ ಯಾರ ಹೆಸರಲ್ಲೂ ಇರಲಿಲ್ಲ. ತಾನೇ ನೋಂದಾಯಿಸಿಕೊಂಡ. ಆ ವಿಳಾಸದಿಂದ ಉತ್ತರ ಬಂದರೆ ಸುಮ್ಮನಾಗಬೇಕು ಅಂತ ವನ್ನಾಕ್ರೈನಲ್ಲೇ ಬರೆದಿತ್ತು! ಎಷ್ಟು ಸಲ ಹೇಳಿದರೂ ನನಗೆ ಈ ಭಾಗ ಬೇಜಾರಾಗಲ್ಲ. ಆದರೆ ಅದು ಅದೃಷ್ಟ, ಅಲ್ವಾ? ಮರು ತಿಂಗಳು ನಾಟ್‌ಪೆಟ್ಯಾ ಎಂಬ ಇನ್ನೊಂದು ದುಷ್ಟ ಪ್ರೋಗ್ರಾಂ ಅದೇ ದೋಷವನ್ನೂ ಬಳಸಿಕೊಂಡು ಹರಡಿತು. ಅದಕ್ಕೆ ಹೀಗೆ ದೂರದಿಂದ ನಿಲ್ಲಿಸುವ ದಾರಿ ಇರಲಿಲ್ಲ. ಪ್ಯಾಚ್ ಮಾತ್ರ ಮಾರ್ಚ್‌ನಿಂದಲೂ ಇತ್ತು, ಪುಕ್ಕಟೆಯಾಗಿ.

ಕಥೆಯಲ್ಲೇ ಸಮಯ ಕಳೆಯಿತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಅಪ್‌ಡೇಟ್ ಇಳಿದರೆ ಸಾಲದು. ರೀಸ್ಟಾರ್ಟ್ ಕೇಳಿದರೆ ಮಾಡಲೇಬೇಕು, ಅಲ್ಲಿಯವರೆಗೆ ಒಳಗೆ ಓಡುತ್ತಿರುವುದು ಹಳೇ ದೋಷವೇ. ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವವರೇ, ತಕ್ಷಣ ಪ್ಯಾಚ್ ಹಾಕಲು ಆಗದ ಯಂತ್ರವನ್ನು ನೆಟ್‌ವರ್ಕ್‌ನಿಂದ ಬಿಡಿಸಿಡಿ. ಎಸ್‌ಎಂಬಿ ಬಳಸುವ ಬಾಗಿಲು, ಅಂದರೆ 445ನೇ ಪೋರ್ಟ್, ಹೊರಗಿನವರಿಗೆ ತೆರೆದಿರಬಾರದು. ಹಳೇ ಎಸ್‌ಎಂಬಿ 1 ಆಫ್ ಮಾಡಿ. ಬ್ಯಾಕಪ್ ಡಿಸ್ಕನ್ನು ಸದಾ ಸಿಕ್ಕಿಸಿಡಬೇಡಿ, ಅದಕ್ಕೂ ಬೀಗ ಬೀಳುತ್ತದೆ.

ನಮಸ್ಕಾರ.