ಎರಡು ದಾರ ಕೂಡುವ ಜಾಗ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಒಂದೇ ಒಂದು ಇಂಚಿನ ಬಗ್ಗೆ ಮಾತಾಡಲು ಬಂದಿದ್ದೇನೆ. ರೀಲಿನಿಂದ ಬರುವ ಬ್ರೇಡ್, ಅಂದರೆ ಹೆಣೆದ ದಾರ, ಮತ್ತು ಗಾಳದ ಕಡೆಯ ಫ್ಲೋರೋಕಾರ್ಬನ್ ಲೀಡರ್, ಅಂದರೆ ಗಾಳಕ್ಕೂ ಬ್ರೇಡಿಗೂ ನಡುವೆ ಕಟ್ಟುವ ಬೇರೆ ದಾರದ ತುಂಡು, ಇವೆರಡೂ ಕೂಡುವ ಆ ಒಂದು ಇಂಚು. ಮಿಷಿಗನ್‌ಗೆ ಬಂದು ಬಾಸ್ ಮೀನು ಹಿಡಿಯುವ ರುಚಿ ಹತ್ತಿಸಿಕೊಂಡ ಕನ್ನಡದವರು ಈ ಕೋಣೆಯಲ್ಲೇ ಸುಮಾರು ಜನ ಇದ್ದೀರಿ. ಒಳ್ಳೆ ರಾಡು, ಒಳ್ಳೆ ರೀಲು ಎಲ್ಲರ ಹತ್ತಿರವೂ ಇದೆ. ಆದರೆ ಮೀನು ಕೈತಪ್ಪುವುದು ಹೆಚ್ಚಾಗಿ ಈ ಇಂಚಿನಲ್ಲೇ.

ನನಗೆ ಇದು ಅರ್ಥವಾಗಿದ್ದು ಒಂದು ಜೂನ್ ತಿಂಗಳ ಬೆಳಿಗ್ಗೆ, ಸೇಂಟ್ ಕ್ಲೇರ್ ಸರೋವರದಲ್ಲಿ. ಗೆಳೆಯನ ದೋಣಿ, ಹದಿನಾಲ್ಕು ಅಡಿ ನೀರು. ದೊಡ್ಡ ಸ್ಮಾಲ್‌ಮೌತ್ ಬಾಸ್ ಒಂದು ಕಚ್ಚಿತು. ಎರಡು ಸಲ ನೀರಿನಿಂದ ಮೇಲೆ ಹಾರಿತು. ಮೂರನೇ ಸಲ ತಳಕ್ಕೆ ಮುಖ ಮಾಡಿ ಎಳೆಯಿತು. ರಾಡು ಸಟಕ್ಕನೆ ನೆಟ್ಟಗಾಯಿತು. ದಾರ ಸುತ್ತಿ ತೆಗೆದು ತುದಿ ನೋಡಿದೆ. ಬ್ರೇಡ್ ಹರಿದಿರಲೇ ಇಲ್ಲ. ನಾನು ಕತ್ತರಿಯಲ್ಲಿ ಕತ್ತರಿಸಿದ ಹಾಗೇ ಇತ್ತು. ಕೊನೆಯ ಎರಡು ಇಂಚು ಮಾತ್ರ ಬಿಚ್ಚಿದ ಜಡೆಯ ಕೂದಲಿನ ಹಾಗೆ ಅಲೆ ಅಲೆಯಾಗಿತ್ತು. ಅಂದರೆ ದಾರ ತುಂಡಾಗಿಲ್ಲ. ಗಂಟು ಜಾರಿದೆ, ಅಷ್ಟೇ.

ಆ ಮೀನು ಬಾಯಲ್ಲಿ ಗಾಳ ಸಿಕ್ಕಿಸಿಕೊಂಡು, ಎಂಟು ಅಡಿ ಲೀಡರ್ ಎಳೆದುಕೊಂಡು ಹೋಯಿತು. ಹಿಡಿದು, ನೋಡಿ, ವಾಪಸ್ ನೀರಿಗೆ ಬಿಡುವುದು ನಮ್ಮ ರೂಢಿ. ಹಾಗೆ ಬಿಡಬೇಕಾದ ಮೀನಿಗೆ ನನ್ನ ಅವಸರದಿಂದ ಆ ಗತಿ ಬಂತಲ್ಲ ಅಂತ ಇಡೀ ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ. ಅವತ್ತು ರಾತ್ರಿಯೇ ಗ್ಯಾರೇಜಿನಲ್ಲಿ ಕೂತು ಗಂಟು ಕಲಿಯಲು ಶುರು ಮಾಡಿದೆ.

ಎರಡು ಬಗೆಯ ದಾರ ಯಾಕೆ ಬೇಕು, ಒಂದೇ ಸಾಲದಾ ಅಂತ ಹೊಸಬರು ಕೇಳುತ್ತಾರೆ. ಸೇಂಟ್ ಕ್ಲೇರ್ ನೋಡಿದರೆ ಉತ್ತರ ಸಿಗುತ್ತದೆ. ಸರೋವರ ದೊಡ್ಡದು, ಆಳ ಕಡಿಮೆ. ಸರಾಸರಿ ಹನ್ನೊಂದು ಅಡಿ. 1988ರಲ್ಲಿ ಇಲ್ಲಿ ಝೀಬ್ರಾ ಮಸಲ್ ಅನ್ನುವ ಸಣ್ಣ ಚಿಪ್ಪಿನ ಜೀವಿ ಕಾಣಿಸಿಕೊಂಡಿತು. ಯುರೋಪಿನ ಕಡೆಯಿಂದ ಬಂದ ಹಡಗುಗಳ ಹೊಟ್ಟೆಯ ನೀರಿನಲ್ಲಿ ಬಂದದ್ದು. ಅದು ನೀರನ್ನು ಸೋಸಿ ಸೋಸಿ ತಿನ್ನುತ್ತದೆ. ನೀರು ತಿಳಿಯಾಯಿತು, ತಳ ಕಾಣುವಂತಾಯಿತು. ಸ್ಮಾಲ್‌ಮೌತ್ ಕಣ್ಣಿನಿಂದ ಬೇಟೆ ಆಡುವ ಮೀನು. ತಿಳಿನೀರಿನಲ್ಲಿ ಅದಕ್ಕೆ ದಪ್ಪ ಹಸಿರು ದಾರ ಕಾಣದೇ ಇರುತ್ತದಾ? ಜೊತೆಗೆ ಆ ಚಿಪ್ಪುಗಳ ಅಂಚು ಬ್ಲೇಡಿನಷ್ಟು ಚೂಪು. ಕಲ್ಲುಗಳ ಮೇಲೆಲ್ಲ ಅಂಟಿಕೊಂಡಿರುತ್ತವೆ.

ಬ್ರೇಡ್ ಮಾಡುವುದು ಪಾಲಿಥೀನ್‌ನಿಂದ. ಹೌದು, ಹಾಲಿನ ಪ್ಯಾಕೆಟ್ ಮಾಡುವ ಪಾಲಿಥೀನ್ ಇದೆಯಲ್ಲ, ಅದೇ ಕುಲದ್ದು. ಅಣುಗಳ ಸರಪಳಿ ತುಂಬಾ ಉದ್ದ, ಎಲ್ಲವೂ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹಾಗಾಗಿ ಎಳೆದರೆ ಹೆಚ್ಚುಕಮ್ಮಿ ಹಿಗ್ಗುವುದೇ ಇಲ್ಲ. ಅಂಥ ಸಣ್ಣ ಎಳೆಗಳನ್ನು ನಾಲ್ಕೋ ಎಂಟೋ ಸೇರಿಸಿ ಜಡೆ ಹೆಣೆಯುತ್ತಾರೆ. ಹತ್ತು ಪೌಂಡ್ ತೂಕ ತಡೆಯುವ ಬ್ರೇಡ್, ಎರಡು ಪೌಂಡಿನ ನೈಲಾನ್ ದಾರದಷ್ಟು ಸಣ್ಣಗಿರುತ್ತದೆ. ದೂರ ಹೋಗುತ್ತದೆ. ಮೂವತ್ತು ಗಜ ಆಚೆ ಮೀನು ಮೂತಿ ತಾಗಿಸಿದರೂ ನಿಮ್ಮ ಬೆರಳಿಗೆ ಗೊತ್ತಾಗುತ್ತದೆ. ಆದರೆ ನೀರಿನಲ್ಲಿ ತೇಲುತ್ತದೆ, ಕಾಣುತ್ತದೆ, ಚಿಪ್ಪಿಗೆ ತಾಗಿದರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ.

ಫ್ಲೋರೋಕಾರ್ಬನ್ ಬೇರೆ ಜಾತಿ. ಜಪಾನಿನ ಕುರೇಹಾ ಕಂಪನಿ 1971ರಲ್ಲಿ ಇದನ್ನು ಮೀನಿನ ದಾರವಾಗಿ ತಂದಿತು. ಒಂಟಿ ಎಳೆ, ಗಟ್ಟಿ ಮೈ. ನೀರಿಗಿಂತ ಒಂದೂಮುಕ್ಕಾಲು ಪಟ್ಟು ಭಾರ, ಆದ್ದರಿಂದ ಮುಳುಗುತ್ತದೆ. ಬೆಳಕು ಬಾಗುವ ಲೆಕ್ಕದಲ್ಲಿ ನೀರು 1.33, ಇದು 1.42, ನೈಲಾನ್ 1.5ರ ಮೇಲೆ. ನೀರಿಗೆ ಹತ್ತಿರ ಇರುವುದರಿಂದ ಕಡಿಮೆ ಕಾಣುತ್ತದೆ. ಕಾಣುವುದೇ ಇಲ್ಲ ಅಂತ ಮಾತ್ರ ನಂಬಬೇಡಿ. ಇದು ಹಿಗ್ಗುವುದಿಲ್ಲ ಅನ್ನುವ ಮಾತನ್ನೂ ನಂಬಬೇಡಿ, ಚೆನ್ನಾಗಿಯೇ ಹಿಗ್ಗುತ್ತದೆ. ನನ್ನ ಪ್ರಕಾರ ಇದರ ದೊಡ್ಡ ಉಪಕಾರ ಚಿಪ್ಪು, ಕಲ್ಲು, ಮೀನಿನ ಒರಟು ಬಾಯಿ ಇವಕ್ಕೆಲ್ಲ ತಡೆದುಕೊಳ್ಳುವುದು.

ಈಗ ಕಷ್ಟ ನೋಡಿ. ಒಂದು ರೇಷ್ಮೆ ಹಾಗೆ ಮೆತ್ತಗೆ, ಎಣ್ಣೆ ಹಚ್ಚಿದ ಹಾಗೆ ಜಾರು. ಇನ್ನೊಂದು ಸೆಟೆದುಕೊಂಡ ನುಣುಪು ತಂತಿ. ಎರಡನ್ನೂ ನಾವು ಹಗ್ಗಕ್ಕೆ ಹಗ್ಗ ಗಂಟು ಹಾಕುವ ಹಾಗೆ ಸುಮ್ನೆ ಕಟ್ಟಿದರೆ ಎರಡರಲ್ಲಿ ಒಂದಾಗುತ್ತದೆ. ಬ್ರೇಡ್ ಜಾರಿ ಹೊರಬರುತ್ತದೆ, ಇಲ್ಲವೇ ಅದು ಚಾಕುವಿನ ಹಾಗೆ ಲೀಡರಿನೊಳಗೆ ಇಳಿಯುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ಹಿಡಿತ. ಅದಕ್ಕೇ ಜಪಾನಿನ ಗಾಳದವರಿಂದ ಬಂದ ಎಫ್‌ಜಿ ಗಂಟು ನನಗೆ ಅಷ್ಟು ಇಷ್ಟ.

ಅದನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾಗಿದ್ದು ಅಮ್ಮ ಹೂ ಕಟ್ಟುತ್ತಿದ್ದದ್ದು. ಬಾಳೆನಾರನ್ನು ನೀರಲ್ಲಿ ನೆನೆಸಿ ಪಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದರು. ಮಲ್ಲಿಗೆಯ ತೊಟ್ಟು ನೆಟ್ಟಗೇ ಇರುತ್ತಿತ್ತು. ತೊಟ್ಟನ್ನು ಮಡಿಸುವುದಿಲ್ಲ, ಗಂಟು ಹಾಕುವುದಿಲ್ಲ. ನಾರು ಮಾತ್ರ ಸುತ್ತಿ ಬಂದು ಹಿಡಿಯುತ್ತಿತ್ತು. ಜಾಸ್ತಿ ಬಿಗಿದರೆ ತೊಟ್ಟು ಕತ್ತರಿಸುತ್ತದೆ, ಸಡಿಲ ಬಿಟ್ಟರೆ ಹೂ ಉದುರುತ್ತದೆ. ಎಫ್‌ಜಿ ಗಂಟಿನಲ್ಲೂ ಲೀಡರ್ ಹೂವಿನ ತೊಟ್ಟು, ಬ್ರೇಡ್ ನಾರು. ಲೀಡರ್ ಎಲ್ಲೂ ಬಾಗುವುದಿಲ್ಲ. ಅದಕ್ಕೇ ಗಂಟು ಅಷ್ಟು ಸಣ್ಣ, ಅಷ್ಟು ಗಟ್ಟಿ.

ಮೇಜಿನ ಮೇಲೆ ನೋಡಿ. ಬಟ್ಟೆ ಒಣಹಾಕುವ ಈ ದಪ್ಪ ಹಗ್ಗ ಲೀಡರ್ ಅಂದುಕೊಳ್ಳಿ. ಈ ಬಿಳಿ ಹೂದಾರ ಬ್ರೇಡ್. ಹಗ್ಗವನ್ನು ಎರಡು ಕುರ್ಚಿಗಳ ನಡುವೆ ಬಿಗಿಯಾಗಿ ಎಳೆದು ಕಟ್ಟಿದ್ದೇನೆ. ಹೂದಾರವನ್ನು ಅದಕ್ಕೆ ಒರಗಿಸಿ, ತುದಿಯನ್ನು ಒಂದು ಸಲ ಹಗ್ಗದ ಮೇಲಿಂದ ದಾಟಿಸುತ್ತೇನೆ. ಮುಂದಿನ ಸಲ ಕೆಳಗಿಂದ. ಮತ್ತೆ ಮೇಲಿಂದ, ಮತ್ತೆ ಕೆಳಗಿಂದ. ಪ್ರತಿ ಸಲವೂ ದಾರದ ಎರಡು ಭಾಗ ಹಗ್ಗದ ಮೇಲೆ ಕತ್ತರಿಯ ಹಾಗೆ ಅಡ್ಡಲಾಗಿ ಕೂರುತ್ತವೆ, ಒಮ್ಮೆ ಮುಂದೆ, ಒಮ್ಮೆ ಹಿಂದೆ. ಒಂದರ ಪಕ್ಕ ಒಂದು ಒತ್ತಾಗಿ ಕೂರಬೇಕು, ಒಂದರ ಮೇಲೊಂದು ಹತ್ತಬಾರದು. ಇಡೀ ಹೊತ್ತು ದಾರ ಬಿಗಿಯಾಗಿರಬೇಕು. ಹೀಗೆ ಇಪ್ಪತ್ತು ದಾಟು. ಈಗ ತುದಿಯನ್ನು ಹಗ್ಗ ಮತ್ತು ಉದ್ದ ದಾರ ಎರಡನ್ನೂ ಸೇರಿಸಿ ಒಂಟಿ ಸುತ್ತು ಹಾಕಿ, ಅದೇ ಸುತ್ತಿನೊಳಗಿಂದ ತೂರಿಸಿ ಬಿಗಿಯುತ್ತೇನೆ. ಇದು ಬೀಗ. ಹೆಣಿಗೆ ಇನ್ನು ಬಿಚ್ಚಿಕೊಳ್ಳುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಎಲ್ಲರೂ ತಪ್ಪುವುದು ಇಲ್ಲೇ. ಬೀಗ ಹಾಕಿದ ಮೇಲೆ ಹೆಣಿಗೆಯನ್ನು ಒದ್ದೆ ಮಾಡಿ, ಒಂದು ಕಡೆ ಲೀಡರ್, ಇನ್ನೊಂದು ಕಡೆ ಬ್ರೇಡ್ ಹಿಡಿದು ನಿಧಾನವಾಗಿ, ಬಲವಾಗಿ ಎಳೆಯಬೇಕು. ಬರಿಗೈಗೆ ಬ್ರೇಡ್ ಸುತ್ತಿಕೊಳ್ಳಬೇಡಿ, ಚರ್ಮ ಸೀಳುತ್ತದೆ. ಟವೆಲ್ ಸುತ್ತಿಕೊಳ್ಳಿ. ಎಳೆಯುತ್ತಾ ಹೋದ ಹಾಗೆ ಸುತ್ತುಗಳು ಲೀಡರನ್ನು ಕಚ್ಚುವುದು ಕಣ್ಣಿಗೆ ಕಾಣುತ್ತದೆ. ತಿಳಿ ಹಸಿರಿದ್ದ ಬ್ರೇಡ್ ಅಲ್ಲಿ ಮಾತ್ರ ಗಾಢ ಹಸಿರಾಗುತ್ತದೆ, ಮೈ ತೆಳ್ಳಗಾಗುತ್ತದೆ. ಆ ಬಣ್ಣ ಬದಲಾಗುವವರೆಗೆ ಗಂಟು ಗಂಟಲ್ಲ. ಆಮೇಲೆ ಎರಡನ್ನೂ ಸೇರಿಸಿ ಇನ್ನು ನಾಲ್ಕೈದು ಒಂಟಿ ಸುತ್ತು, ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ. ಲೀಡರಿನ ತುದಿಯನ್ನು ಒತ್ತಿ ಕತ್ತರಿಸಿ. ಮತ್ತೆ ಬರೀ ಬ್ರೇಡಿನ ಮೇಲೆ ನಾಲ್ಕು ಸುತ್ತು. ಕೆಲವರು ಲೀಡರ್ ತುದಿಗೆ ಲೈಟರ್ ತೋರಿಸಿ ಉಂಡೆ ಮಾಡುತ್ತಾರೆ. ನಾನು ಮಾಡುವುದಿಲ್ಲ. ಬ್ರೇಡ್ ಕರಗುವುದು ಫ್ಲೋರೋಕಾರ್ಬನ್‌ಗಿಂತ ಮೊದಲು. ಒಂದು ಕ್ಷಣ ತಪ್ಪಿದರೆ ಇಷ್ಟು ಹೊತ್ತಿನ ಕೆಲಸ ಸುಟ್ಟುಹೋಗುತ್ತದೆ.

ಒದ್ದೆ ಮಾಡುವುದು ಯಾಕೆ ಅಂತ ಹೇಳಲೇಬೇಕು. ಒಣಗಿದ ದಾರವನ್ನು ಬಿಗಿದಾಗ ಉಜ್ಜಿ ಬಿಸಿಯಾಗುತ್ತದೆ. ಆ ಬಿಸಿ ಫ್ಲೋರೋಕಾರ್ಬನ್ನಿನ ಮೈಯನ್ನು ಕೆಡಿಸುತ್ತದೆ. ಲೀಡರ್ ಅಲ್ಲಿ ಬೆಳ್ಳಗೆ, ಸುಕ್ಕು ಸುಕ್ಕಾಗಿ ಕಾಣುತ್ತದೆ. ಹಾಗೆ ಕಂಡರೆ ಕತ್ತರಿಸಿ ಮತ್ತೆ ಕಟ್ಟಿ. ನನ್ನ ಗ್ಯಾರೇಜಿನಲ್ಲಿ ಒಂದು ಬಕೆಟ್ ಪರೀಕ್ಷೆ ಇದೆ. ನನ್ನ ಲೀಡರ್ ತಡೆಯುವುದು ಎಂಟು ಪೌಂಡ್, ಅಂದರೆ ಸುಮಾರು ಮೂರೂವರೆ ಕಿಲೋ. ಲೀಡರ್ ತುದಿಗೆ ಸಣ್ಣ ಬಕೆಟ್ ಕಟ್ಟಿ, ನಿಧಾನಕ್ಕೆ ನೀರು ತುಂಬುತ್ತೇನೆ. ಒಂದು ಲೀಟರ್ ನೀರು ಒಂದು ಕಿಲೋ, ಲೆಕ್ಕ ಸುಲಭ. ಒಣಗಿದ್ದಾಗಲೇ ಬಿಗಿದ ನನ್ನ ಗಂಟುಗಳು ಎರಡು ಲೀಟರಿಗೇ ಹೋದದ್ದುಂಟು. ಅದೇ ದಾರ, ಅದೇ ಕೈ, ಒದ್ದೆ ಮಾಡಿ ಬಿಗಿದರೆ ಮೂರು ಲೀಟರ್ ತುಂಬಿಸಿದರೂ ಅಲ್ಲಾಡುವುದಿಲ್ಲ. ಪುಸ್ತಕದಲ್ಲಿ ಓದಿದ್ದಕ್ಕಿಂತ ಆ ಬಕೆಟ್ ನನಗೆ ಜಾಸ್ತಿ ಕಲಿಸಿದೆ. ಮನೆಯಲ್ಲಿ ಮಾಡಿ ನೋಡಿ, ಮಕ್ಕಳಿಗೂ ಇಷ್ಟವಾಗುತ್ತದೆ.

ಆದರೆ ಏಪ್ರಿಲ್ ತಿಂಗಳ ಗಾಳಿಯಲ್ಲಿ, ದೋಣಿ ಓಲಾಡುವಾಗ, ಬೆರಳು ಮರಗಟ್ಟಿರುವಾಗ ಎಫ್‌ಜಿ ಕಟ್ಟುವುದು ಕಷ್ಟ. ಅದನ್ನು ಹಿಂದಿನ ರಾತ್ರಿ ಮನೆಯಲ್ಲೇ ಕಟ್ಟಿಕೊಂಡು ಬರುತ್ತೇನೆ. ನೀರಿನ ಮೇಲೆ ಲೀಡರ್ ಹೋದರೆ ಆಲ್ಬರ್ಟೋ ಗಂಟು. ಲೀಡರನ್ನು ಮಡಿಸಿ ಕುಣಿಕೆ ಮಾಡಿ, ಬ್ರೇಡನ್ನು ಅದರೊಳಗೆ ತೂರಿಸಿ, ಏಳು ಸುತ್ತು ಕೆಳಗೆ, ಅದರ ಮೇಲೇ ಏಳು ಸುತ್ತು ವಾಪಸ್. ಹೋದ ಕಡೆಯಿಂದಲೇ ಹೊರಗೆ ಬರಬೇಕು, ಅದೊಂದು ನೆನಪಿಡಿ. ಡಬಲ್ ಯೂನಿ ಇನ್ನೂ ಸುಲಭ. ಎರಡು ಜೀರುಗುಣಿಕೆಗಳು ಎದುರುಬದುರಾಗಿ ಸರಿದು ಒಂದಕ್ಕೊಂದು ಒರಗಿ ನಿಲ್ಲುತ್ತವೆ. ಲೀಡರ್ ಕಡೆ ನಾಲ್ಕು ಸುತ್ತು ಸಾಕು, ಬ್ರೇಡ್ ಕಡೆ ಏಳೆಂಟು ಬೇಕು. ಅವತ್ತು ನನ್ನ ಕೈಯಿಂದ ಜಾರಿದ್ದು ಇದೇ ಗಂಟು. ಎರಡು ಕಡೆಯೂ ನಾಲ್ಕೇ ಸುತ್ತು ಹಾಕಿದ್ದೆ. ತಪ್ಪು ಗಂಟಿನದಲ್ಲ. ಬ್ರೇಡ್ ಎಷ್ಟು ಜಾರು ಅನ್ನುವುದು ನನಗೆ ಗೊತ್ತಿರಲಿಲ್ಲ.

ಯಾವುದು ಒಳ್ಳೆಯದು ಅಂತ ಕೇಳಿದರೆ, ಲೀಡರ್ ಉದ್ದವಾಗಿದ್ದು ಗಂಟು ರಾಡಿನ ಬಳೆಗಳ ಮೂಲಕ ಹಾದು ರೀಲಿಗೆ ಹೋಗುವುದಾದರೆ ಎಫ್‌ಜಿಗೆ ಸಾಟಿ ಇಲ್ಲ. ಡಬಲ್ ಯೂನಿಯ ಉಬ್ಬು ಬಳೆಗೆ ತಾಗಿ ಪ್ರತಿ ಬೀಸಿಗೂ ಟಕ್ ಅನ್ನುತ್ತದೆ. ನೂರು ಬೀಸಿನಲ್ಲಿ ಗಂಟು ಸವೆಯುತ್ತದೆ. ಲೀಡರ್ ಮೂರ್ನಾಲ್ಕು ಅಡಿಯಷ್ಟೇ ಇಟ್ಟು ಗಂಟು ಹೊರಗೇ ಉಳಿಯುವ ಹಾಗಿದ್ದರೆ ಯಾವುದಾದರೂ ನಡೆಯುತ್ತದೆ. ನಾನು ಸೇಂಟ್ ಕ್ಲೇರ್‌ನಲ್ಲಿ ಎಂಟು ಅಡಿ ಇಡುತ್ತೇನೆ. ಹದಿನೈದು ಪೌಂಡ್ ಬ್ರೇಡಿಗೆ ಎಂಟು ಪೌಂಡ್ ಲೀಡರ್. ಲೀಡರ್ ಯಾವಾಗಲೂ ಕಡಿಮೆ ಬಲದ್ದಿರಲಿ. ಗಾಳ ಕಲ್ಲಿಗೆ ಸಿಕ್ಕಿಕೊಂಡರೆ ಗಾಳದ ಬುಡದಲ್ಲೇ ಹರಿಯಬೇಕು. ಬ್ರೇಡ್ ಹರಿದು ಐವತ್ತು ಗಜ ದಾರ ಸರೋವರದ ತಳದಲ್ಲಿ ಉಳಿಯಬಾರದು. ಅದು ಕೊಳೆಯುವ ವಸ್ತು ಅಲ್ಲ. ಬಾತುಕೋಳಿಯ ಕಾಲಿಗೆ ಸುತ್ತಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಕತ್ತರಿಸಿದ ಚೂರುಗಳನ್ನೂ ಜೇಬಿಗೆ ಹಾಕಿಕೊಂಡು ಬನ್ನಿ.

ಬೆಳಿಗ್ಗೆ ಮೊದಲ ಬೀಸಿಗೆ ಮುಂಚೆ, ಮತ್ತೆ ಪ್ರತಿ ಮೀನಿನ ನಂತರ, ಲೀಡರಿನ ಕೊನೆಯ ಎರಡು ಅಡಿಯನ್ನು ಬೆರಳ ನಡುವೆ ಎಳೆದು ನೋಡಿ. ಮುಳ್ಳಿನ ಹಾಗೆ ತಾಗಿದರೆ ಅಲ್ಲಿ ಚಿಪ್ಪು ಕೊಯ್ದಿದೆ. ಅಷ್ಟು ಕತ್ತರಿಸಿ ಗಾಳ ಮತ್ತೆ ಕಟ್ಟಿ. ಎಂಟು ಅಡಿಯದ್ದು ನಾಲ್ಕು ಅಡಿಗೆ ಬಂದಾಗ ಹೊಸ ಲೀಡರ್.

ನನ್ನ ಮಾತು ಇಷ್ಟೇ. ಈಗ ನಿಮ್ಮ ಕೈಗೆ ಕೆಲಸ. ಪ್ರತಿ ಸಾಲಿಗೂ ಒಂದು ಹಗ್ಗ, ಒಂದು ಉಂಡೆ ಹೂದಾರ ಇದೆ. ಇಬ್ಬಿಬ್ಬರು ಸೇರಿಕೊಳ್ಳಿ, ಒಬ್ಬರು ಹಗ್ಗ ಎಳೆದು ಹಿಡಿಯಿರಿ, ಇನ್ನೊಬ್ಬರು ಹೆಣೆಯಿರಿ. ನೀರಿನ ಬಟ್ಟಲು ಮೊದಲ ಸಾಲಿನಲ್ಲಿದೆ, ಬೆರಳು ಅದ್ದಿಕೊಂಡು ಹಾಗೇ ಹಿಂದಕ್ಕೆ ದಾಟಿಸಿ.