ಹುಟ್ಟದವರ ವಕಾಲತ್ತು

ಪ್ರಾಂಶುಪಾಲರೆ, ಅಧ್ಯಾಪಕ ಮಿತ್ರರೆ, ಕಾನೂನು ವಿದ್ಯಾರ್ಥಿಗಳೆ,

ಕೆಲವು ವರ್ಷಗಳ ಹಿಂದೆ ಚಿಕ್ಕಮಗಳೂರಿನ ನನ್ನ ಕಚೇರಿಗೆ ಮೂಡಿಗೆರೆ ಕಡೆಯ ಹುಡುಗಿಯೊಬ್ಬಳು ಬಂದಳು. ಅವಳ ಪ್ಲಾಸ್ಟಿಕ್ ಚೀಲದಲ್ಲಿ ಒಂದು ವಿಲ್ ಇತ್ತು. ಮಡಿಕೆಗಳು ಹರಿದಿದ್ದವು, ಹಿಂಬದಿಗೆ ಅಂಟುಪಟ್ಟಿ ಹಚ್ಚಿದ್ದರು. ಬರೆಸಿದವರು ಅವಳ ಅಜ್ಜಿ. ತಾವು ಸಂಪಾದಿಸಿದ ಆರು ಎಕರೆ ಕಾಫಿ ತೋಟವನ್ನು ಮಗನು ತನ್ನ ಜೀವಮಾನ ಪರ್ಯಂತ ಅನುಭವಿಸತಕ್ಕದ್ದು, ಅವನ ನಂತರ ಅವನಿಗೆ ಹುಟ್ಟುವ ಮಕ್ಕಳಿಗೆ ಸಂಪೂರ್ಣವಾಗಿ ಸೇರತಕ್ಕದ್ದು ಎಂದು ಅದರಲ್ಲಿತ್ತು. ಮಗ ನೆರಳಿನ ಮರಗಳನ್ನೆಲ್ಲ ಕಡಿಸಿ ಮಾರಿದ್ದರು. ತೋಟಕ್ಕೂ ಗಿರಾಕಿ ನೋಡುತ್ತಿದ್ದರು. ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: "ಸರ್, ಅಜ್ಜಿ ತೀರಿಕೊಂಡಾಗ ನಾನು ಹುಟ್ಟಿರಲೇ ಇಲ್ಲ. ನನಗೆ ಹಕ್ಕು ಎಲ್ಲಿಂದ ಬರುತ್ತದೆ?"

ಈ ಪ್ರಶ್ನೆಗೆ ನಮ್ಮ ಕಾನೂನು ಎಂದೋ ಉತ್ತರ ಕೊಟ್ಟಿದೆ. 1882ರ ಆಸ್ತಿ ವರ್ಗಾವಣೆ ಅಧಿನಿಯಮದ 13ನೇ ಕಲಂ ತೆಗೆದು ನೋಡಿ. ಹುಟ್ಟದವರಿಗೆ ನೇರವಾಗಿ ಆಸ್ತಿ ಬರೆಯಲಾಗದು. ಮೊದಲು ಬದುಕಿರುವ ಒಬ್ಬರಿಗೆ ಜೀವಿತಾವಧಿಯ ಹಕ್ಕು ಕೊಟ್ಟು, ಆಮೇಲೆ ಹುಟ್ಟುವವರಿಗೆ ಉಳಿದ ಹಕ್ಕನ್ನು ಪೂರ್ತಿಯಾಗಿ ಬಿಡಬೇಕು. ವಿಲ್‌ಗಳಿಗೂ 1925ರ ಉತ್ತರಾಧಿಕಾರ ಅಧಿನಿಯಮದಲ್ಲಿ ಇದೇ ನಿಯಮವಿದೆ. ಜೀವಿತಾವಧಿಯ ಹಕ್ಕುದಾರ ಕಾಫಿ ಕೊಯ್ಯಬಹುದು, ಮೆಣಸು ಬಿಡಿಸಬಹುದು, ಆ ದುಡ್ಡಿನಲ್ಲಿ ಮನೆ ನಡೆಸಬಹುದು. ತೋಟವನ್ನೇ ಹಾಳುಗೆಡವುವಂತಿಲ್ಲ, ತನಗಿಲ್ಲದ ಹಕ್ಕನ್ನು ಮಾರುವಂತಿಲ್ಲ.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ. ಭದ್ರೆ, ಹೇಮಾವತಿ, ಬಾಬಾಬುಡನ್‌ಗಿರಿಯ ಶೋಲಾ ಕಾಡು, ನಮ್ಮ ಊರೂರಿನ ಕೆರೆ ಇವುಗಳ ಮೇಲೆ ನಮಗಿರುವುದು ಆ ತಂದೆಗಿದ್ದಷ್ಟೇ ಹಕ್ಕು. ಆರು ಎಕರೆ ತೋಟದ ವಿಷಯದಲ್ಲಿ ಹುಟ್ಟದವರನ್ನು ಗುರುತಿಸುವ ಕಾನೂನು, ಒಂದು ಇಡೀ ಬೆಟ್ಟದ ವಿಷಯದಲ್ಲಿ ಅವರನ್ನು ಗುರುತಿಸದಿರಲು ಕಾರಣವೇ ಇಲ್ಲ.

ಇದು ಹೊರಗಿನಿಂದ ಬಂದ ವಿಚಾರ ಎನ್ನುವವರು ಹಲ್ಮಿಡಿಯನ್ನು ನೆನೆಯಬೇಕು. ಬೇಲೂರು ತಾಲ್ಲೂಕಿನ ಆ ಶಾಸನವನ್ನು ಭಾಷೆಯ ಹಳಮೆಗಾಗಿ ನಾವೆಲ್ಲ ಕೊಂಡಾಡುತ್ತೇವೆ. ವಕೀಲನಾದ ನನ್ನ ಕಣ್ಣು ಹೋಗುವುದು ಅದರ ಕೊನೆಯ ಭಾಗದ 'ಮಹಾಪಾತಕ' ಎಂಬ ಮಾತಿಗೆ. ಕೊಟ್ಟ ದಾನವನ್ನು ಅಳಿಸಿದವರಿಗೆ ಮಹಾಪಾತಕ ತಟ್ಟಲಿ ಎಂದು ಕಲ್ಲಿನಲ್ಲಿ ಕೊರೆಸಿದವರು ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದಿನವರು. ಮುಂದೆ ಬರುವ ಅರಸನ ಕೈಯನ್ನು ಇಂದೇ ಕಟ್ಟಬೇಕು ಎಂಬ ಯೋಚನೆ ಅದು. ಆಗ ಅದಕ್ಕಿದ್ದ ಸಾಧನ ಶಾಪ. ಈಗ ಶಾಪಕ್ಕೆ ಯಾರೂ ಹೆದರುವುದಿಲ್ಲ, ತಡೆಯಾಜ್ಞೆಗೆ ಹೆದರುತ್ತಾರೆ.

1981ರಲ್ಲಿ ತಮಿಳುನಾಡಿನ ಕಪ್ಪು ಗ್ರಾನೈಟಿಗೆ ಸಂಬಂಧಿಸಿದ ಹಿಂದ್ ಸ್ಟೋನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಖನಿಜ ಮತ್ತು ಕಾಡುಗಳನ್ನು ಯಾವುದೇ ಒಂದು ಪೀಳಿಗೆ ಖಾಲಿ ಮಾಡುವಂತಿಲ್ಲ, ಮುಂದಿನ ಎಲ್ಲ ಪೀಳಿಗೆಗಳಿಗೂ ಅದು ಬಾಧ್ಯಸ್ಥ ಎಂಬ ಅರ್ಥದ ಮಾತು ಹೇಳಿತು. 1993ರಲ್ಲಿ ಫಿಲಿಪ್ಪೀನ್ಸ್‌ನ ಸುಪ್ರೀಂ ಕೋರ್ಟು ಮತ್ತೂ ಒಂದು ಹೆಜ್ಜೆ ಮುಂದೆ ಹೋಯಿತು. ಕಾಡು ಕಡಿಯುವ ಪರವಾನಗಿಗಳನ್ನು ರದ್ದುಪಡಿಸಿ ಎಂದು ಮಕ್ಕಳು ಹೂಡಿದ್ದ ದಾವೆ ಅದು. ಅವರು ತಮ್ಮ ಪರವಾಗಿ ಮಾತ್ರವಲ್ಲ, ಇನ್ನೂ ಹುಟ್ಟದವರ ಪರವಾಗಿಯೂ ಬರಬಹುದು ಎಂದು ನ್ಯಾಯಾಲಯ ಒಪ್ಪಿತು. 2021ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ, ಮಾಲಿನ್ಯ ಇಳಿಸುವ ಭಾರವನ್ನೆಲ್ಲ 2030ರ ನಂತರದವರ ತಲೆಗೆ ಕಟ್ಟುವುದು ಅವರ ಸ್ವಾತಂತ್ರ್ಯವನ್ನು ಮೊದಲೇ ಕಸಿದಂತೆ ಎಂದಿತು.

ಆದರೆ ಅಷ್ಟು ದೂರ ಹೋಗುವುದೇಕೆ? ಕುದುರೆಮುಖ ನಮ್ಮ ಜಿಲ್ಲೆಯಲ್ಲೇ ಇದೆ. ಕೇಂದ್ರ ಸರ್ಕಾರದ್ದೇ ಕಂಪನಿ ಅಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿತ್ತು. ಗಣಿ ಗುತ್ತಿಗೆಯ ಅವಧಿ 1999ರಲ್ಲಿ ಮುಗಿದರೂ ಕೆಲಸ ಮುಂದುವರಿಯಿತು. ಮಳೆಗಾಲದಲ್ಲಿ ಬೆಟ್ಟದ ಮಣ್ಣು ಭದ್ರೆಗೆ ಇಳಿಯುತ್ತಿತ್ತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2002ರಲ್ಲಿ ತೀರ್ಪು ಬಂತು, 2005ರ ಕೊನೆಯಲ್ಲಿ ಗಣಿ ನಿಂತಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಅದರಲ್ಲಿತ್ತು.

ಗೆದ್ದೆವು ಎಂದು ಸುಮ್ಮನಾಗುವವರಿಗೆ ಲಖ್ಯಾ ಅಣೆಕಟ್ಟನ್ನು ತೋರಿಸಬೇಕು. ಭದ್ರೆಗೆ ಸೇರುವ ಹೊಳೆಗೆ ಅಡ್ಡಲಾಗಿ ಸುಮಾರು ನೂರು ಮೀಟರ್ ಎತ್ತರಕ್ಕೆ ಕಟ್ಟಿದ ಒಡ್ಡು ಅದು. ಅದರ ಹಿಂದೆ ನಿಂತಿರುವುದು ಅದಿರು ತೊಳೆದು ಬಿಟ್ಟ ಹೂಳು. ಅದಿರು ಮಾರಿದ ದುಡ್ಡು ನಮ್ಮ ಕಾಲದಲ್ಲೇ ಖರ್ಚಾಯಿತು. ಆ ಒಡ್ಡು ಬಿರಿಯದಂತೆ ಕಾಯುವ ಕೆಲಸ ಮಾತ್ರ ಇಲ್ಲಿ ಕುಳಿತಿರುವ ನಿಮಗೆ, ನಿಮ್ಮ ಮಕ್ಕಳಿಗೆ, ಅವರ ಮಕ್ಕಳಿಗೆ ಬಂದಿದೆ. ಸಾಲವನ್ನಷ್ಟೇ ಉಯಿಲು ಬರೆದುಕೊಟ್ಟ ಹಾಗೆ. ಗೋವಾದ ಗಣಿ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು ಅದಿರಿನ ಮಾರಾಟದ ಹಣದಲ್ಲಿ ಒಂದು ಪಾಲನ್ನು ಮುಂದಿನವರಿಗಾಗಿ ಶಾಶ್ವತ ನಿಧಿಯಲ್ಲಿ ಇಡಬೇಕೆಂದು ಆದೇಶಿಸಿತು. ಅಂಥ ನಿಧಿ ಕುದುರೆಮುಖದಲ್ಲಿ ಮೊದಲ ದಿನದಿಂದಲೇ ಇರಬೇಕಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ. ಗಣಿ ನಿಂತಾಗ ಕೆಲಸ ಕಳೆದುಕೊಂಡವರ ನೋವನ್ನೂ ನಾನು ಮರೆತಿಲ್ಲ. ಮುಂದಿನ ಪೀಳಿಗೆಯ ಹೆಸರು ಹೇಳಿ ಇಂದಿನ ಬಡವನನ್ನು ಎಬ್ಬಿಸುವುದು ಬಹಳ ಸುಲಭ. ಕಾಡಿನಲ್ಲಿ ತಲೆತಲಾಂತರದಿಂದ ಬಾಳಿದವರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಕೊಟ್ಟದ್ದನ್ನು ಕಿತ್ತುಕೊಳ್ಳಲು ನಮ್ಮ ವಾದವನ್ನು ಯಾರಾದರೂ ಬಳಸಿದರೆ, ಎದುರು ಪಕ್ಷದ ವಕಾಲತ್ತು ನಾನು ಹಾಕುತ್ತೇನೆ.

ಈಗ ನಮ್ಮ ಮುಂದಿರುವ ತೊಡಕು ಹೇಳುತ್ತೇನೆ. ವಕಾಲತ್ತಿಗೆ ಕಕ್ಷಿದಾರರ ಸಹಿ ಬೇಕು, ಹುಟ್ಟದವರು ಸಹಿ ಹಾಕಲಾರರು. ಅಪ್ರಾಪ್ತ ವಯಸ್ಕರಿಗಾದರೆ ವಯಸ್ಸು ತುಂಬಿದ ಮೇಲೆ ಪ್ರಶ್ನಿಸಲು ಕಾನೂನು ಕಾಲಾವಕಾಶ ಕೊಡುತ್ತದೆ. ಹೊಳೆಯ ವಿಷಯದಲ್ಲಿ ಹಾಗಿಲ್ಲ. ಪರಿಸರ ಅನುಮತಿಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಪ್ರಶ್ನಿಸಲು 30 ದಿನ. ಸಕಾರಣವಿದ್ದರೆ ಇನ್ನೂ 60 ದಿನ. ಮುನ್ನೂರು ವರ್ಷ ಉಳಿಯುವ ಹಾನಿಗೆ ತೊಂಬತ್ತು ದಿನದ ವಾಯಿದೆ! ಉತ್ತರಾಖಂಡದ ಒಂಬತ್ತು ವರ್ಷದ ಬಾಲಕಿ 2017ರಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಅದೇ ನ್ಯಾಯಮಂಡಳಿಗೆ ಹೋದಳು. 2019ರಲ್ಲಿ ಅರ್ಜಿ ವಜಾ ಆಯಿತು. ಆದರೆ 2024ರಲ್ಲಿ ಸುಪ್ರೀಂ ಕೋರ್ಟು, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲೇ ಅಡಗಿದೆ ಎಂದಿತು. ವಜಾ ಆದ ಅರ್ಜಿಯೂ ವ್ಯರ್ಥವಲ್ಲ ಎಂದು ನಂಬಿಯೇ ನಾನು ಕರಿಕೋಟು ತೊಡುತ್ತೇನೆ.

ಅಂಥ ದೊಡ್ಡ ದಾವೆ ನಿಮ್ಮಲ್ಲಿ ಒಬ್ಬರಿಬ್ಬರ ಪಾಲಿಗೆ ಬರಬಹುದು. ಕೆರೆ ಮಾತ್ರ ಎಲ್ಲರ ಊರಿನಲ್ಲೂ ಇದೆ. ಗ್ರಾಮದ ಸಾರ್ವಜನಿಕ ಜಮೀನು, ಕೆರೆಕುಂಟೆಗಳ ಒತ್ತುವರಿ ತೆರವುಗೊಳಿಸಲು ಎಲ್ಲ ರಾಜ್ಯಗಳೂ ಕ್ರಮ ಕೈಗೊಳ್ಳಬೇಕೆಂದು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ತೀರ್ಪು ಕೆಲಸ ಮಾಡಬೇಕಾದರೆ ಯಾರಾದರೂ ನಕಾಶೆ ಹಿಡಿದು ಏರಿಯ ಮೇಲೆ ನಡೆಯಬೇಕು.

ಆ ಹುಡುಗಿಯ ಬಳಿ ಅಜ್ಜಿಯ ವಿಲ್ ಇತ್ತು, ಹಾಗಾಗಿ ತೋಟದ ಮಾರಾಟಕ್ಕೆ ತಡೆಯಾಜ್ಞೆ ಸಿಕ್ಕಿತು. ಕಡಿದ ಮರಗಳು ಹೋದವು. ಕೆರೆಗೆ ವಿಲ್ ಇಲ್ಲ, ಸರ್ವೆ ನಂಬರ್ ಇದೆ. ನಿಮ್ಮ ಊರಿನ ಗ್ರಾಮ ನಕಾಶೆಯ ಪ್ರತಿ ಪಡೆಯಿರಿ, ಕೆರೆಯ ಪಹಣಿ ತೆಗೆಸಿರಿ, ಅದರಲ್ಲಿರುವ ವಿಸ್ತೀರ್ಣವನ್ನೂ ಈಗ ನೀರು ನಿಲ್ಲುವ ಜಾಗವನ್ನೂ ಹೋಲಿಸಿ ನೋಡಿರಿ. ವ್ಯತ್ಯಾಸ ಕಂಡರೆ ಎರಡೂ ಕಾಗದ ಹಿಡಿದು ಯಾವ ಶನಿವಾರವಾದರೂ ಸಂಜೆ ನನ್ನ ಕಚೇರಿಗೆ ಬನ್ನಿ. ತಹಶೀಲ್ದಾರರಿಗೆ ಕೊಡುವ ಅರ್ಜಿಯನ್ನು ಒಟ್ಟಿಗೆ ಕುಳಿತು ಬರೆಯೋಣ.